ಅರವತ್ತು ಅಡಿಯ ದ್ವಾರಕೆ

ಶ್ರೀಕೃಷ್ಣನು ಕಡಲ ನಡುವೆ ಕಟ್ಟಿಸಿದ ದ್ವಾರಕೆಯ ವಿಸ್ತಾರ ಹನ್ನೆರಡು ಯೋಜನವೆಂದು ಭಾಗವತವು ಹೇಳುತ್ತದೆ. ಅದೇ ಪಟ್ಟಣವನ್ನು 1950ರ ದಶಕದಲ್ಲಿ ಮದರಾಸಿನ ವಡಪಳನಿಯಲ್ಲಿ ಮತ್ತೊಮ್ಮೆ ಕಟ್ಟಬೇಕಾಗಿ ಬಂದಾಗ, ಆ ಕಾರ್ಯಕ್ಕೆ ನಿಯುಕ್ತರಾದವರು ಬಳಸಿದ ನೆಲ 50 ಅಡಿಗೆ 60 ಅಡಿ. ಎಂದರೆ, ಬೆಂಗಳೂರಿನ ಗೃಹಸ್ಥನೊಬ್ಬನು ಒಂದು ಮನೆ ಕಟ್ಟಿಕೊಂಡು ಹಿತ್ತಲಿನಲ್ಲಿ ಕರಿಬೇವಿನ ಗಿಡವೊಂದನ್ನು ನೆಡಬಹುದಾದಷ್ಟು ಜಾಗ. ಅಷ್ಟರಲ್ಲಿ ಅವರು ಸುಮಾರು 300 ಮನೆಗಳನ್ನು ನಿಲ್ಲಿಸಿದರು. ನಿಲ್ಲಿಸಿದುದು ಮಾತ್ರವಲ್ಲ, ಅವುಗಳಿಗೆ ವಿದ್ಯುದ್ದೀಪವನ್ನೂ ಹಾಕಿದರು.

ವಡಪಳನಿಯೆಂದರೆ ಈಗಿನವರಿಗೆ ಮುರುಗನ ಗುಡಿ, ಆರ್ಕಾಟ್ ರಸ್ತೆಯ ಜನಸಮ್ಮರ್ದ, 2015ರಿಂದೀಚೆಗೆ ಮೆಟ್ರೊ ನಿಲ್ದಾಣ. ನಮ್ಮ ಕಡೆಯ ಹಳೆಯ ತಲೆಮಾರಿನ ಮಕ್ಕಳಿಗಾದರೋ ಆ ಹೆಸರು ‘ಚಂದಮಾಮ’ ಪತ್ರಿಕೆಯ ವಿಳಾಸದ ಸಾಲಿನಿಂದಲೇ ಪರಿಚಿತವಾದುದು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೂ ಬಂದ ಆ ಪತ್ರಿಕೆಯ ಹಿಂದಿದ್ದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಗಳೇ ವಿಜಯಾ ಪ್ರೊಡಕ್ಷನ್ಸ್ ಎಂಬ ಚಿತ್ರಸಂಸ್ಥೆಯ ಸ್ಥಾಪಕರೂ ಆಗಿದ್ದರು. ಅವರ ಕೈಸೇರಿ ವಿಜಯಾ-ವಾಹಿನಿಯೆನಿಸಿದ ಸ್ಟುಡಿಯೋಗೆ ಏಷ್ಯ ಖಂಡದಲ್ಲೇ ದೊಡ್ಡದೆಂಬ ಪ್ರತೀತಿಯಿದ್ದಿತು. ಏವಿಎಂ ಸ್ಟುಡಿಯೋ ಇದ್ದುದೂ ಅದೇ ಆರ್ಕಾಟ್ ರಸ್ತೆಯ ಆಸುಪಾಸಿನಲ್ಲಿ. ಕನ್ನಡ ಚಿತ್ರಗಳಿಗೆ ಸ್ವಂತ ಮನೆಯಿಲ್ಲದಿದ್ದ ಆ ಕಾಲದಲ್ಲಿ ನಮ್ಮ ನಟರೂ ತಂತ್ರಜ್ಞರೂ ಮದರಾಸಿನ ಈ ಭಾಗದಲ್ಲಿಯೇ ಬಿಡಾರ ಹೂಡಬೇಕಾಗಿದ್ದಿತೆಂಬುದನ್ನು ಬಲ್ಲವರಿಗೆ, ಈ ಕಥೆ ಪರವೂರಿನದೆಂದು ತೋರಲಾರದು.

ದ್ವಾರಕೆ ಬೇಕಾದುದು ‘ಮಾಯಾಬಜಾರ್’ ಚಿತ್ರಕ್ಕೆ. ಬಲರಾಮನ ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡಿಸಲು ಘಟೋತ್ಕಚನು ಮಾಡುವ ತಂತ್ರಗಳ ಆ ಕಥೆ ವ್ಯಾಸಭಾರತದಲ್ಲಿಲ್ಲ. ಜನರ ಬಾಯಿಂದ ರಂಗಸ್ಥಳಕ್ಕೆ, ಅಲ್ಲಿಂದ ತೆರೆಗೆ ಬಂದುದು. ಕೆ. ವಿ. ರೆಡ್ಡಿಯವರ ನಿರ್ದೇಶನದಲ್ಲಿ ತೆಲುಗು ಮತ್ತು ತಮಿಳುಗಳೆರಡರಲ್ಲೂ ತಯಾರಾಗಿ 1957ರಲ್ಲಿ ಬಿಡುಗಡೆಯಾದ ಅದು, ಮುಂದೆ ಕನ್ನಡಕ್ಕೂ ಡಬ್ ಆಗಿ ಬಂದಿತು. ಯಾದವರ ರಾಜಧಾನಿಯನ್ನು ಒಂದೇ ನೋಟದಲ್ಲಿ ತೋರಿಸಬೇಕೆಂದರೆ ಪರದೆಯ ಮೇಲೆ ಚಿತ್ರ ಬರೆಸಿ ತೂಗುಹಾಕುವ ನಾಟಕ ಕಂಪನಿಯ ಸುಲಭೋಪಾಯವೊಂದಿದ್ದೇ ಇದ್ದಿತು. ಅದನ್ನು ಬಿಟ್ಟು, ಕಲಾನಿರ್ದೇಶಕರಾದ ಮಾಧವಪೆದ್ದಿ ಗೋಖಲೆ ಮತ್ತು ಕಲಾಧರರು, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರ ಮೇಲ್ವಿಚಾರಣೆಯಲ್ಲಿ, ಊರನ್ನೇ ಮಿನಿಯೇಚರ್ ಆಗಿ ಕಟ್ಟಲು ತೊಡಗಿದರು. ಇದೇ ಕಲಾವಿದರು ಕೆಲವು ವರ್ಷಗಳ ಹಿಂದೆ, 1951ರಲ್ಲಿ, ‘ಪಾತಾಳ ಭೈರವಿ’ಯಲ್ಲಿ ಕೆ. ವಿ. ರೆಡ್ಡಿಯವರೊಡನೆ ದುಡಿದಿದ್ದವರಾದುದರಿಂದ ಒಬ್ಬರ ಕಣ್ಣು ಮತ್ತೊಬ್ಬರಿಗೆ ತಿಳಿದಿದ್ದಿತು.

ಇಲ್ಲಿ ಗಣಿತದ ಒಂದು ಚಿಕ್ಕ ವಿನೋದವನ್ನು ಓದುಗರು ಸಹಿಸಬೇಕು. ಯೋಜನಕ್ಕೆ ಎಂಟು ಮೈಲಿಯೆಂದು ಹಿಡಿದರೆ ಪುರಾಣದ ದ್ವಾರಕೆ 96 ಮೈಲಿಯಾಗುತ್ತದೆ; ಅದನ್ನು 60 ಅಡಿಗೆ ಇಳಿಸಿದರೆ ನಲವತ್ತು ಅಡಿಯ ಮನೆಯೊಂದು ಸಾಸಿವೆ ಕಾಳಿನ ಗಾತ್ರಕ್ಕೆ ಬಂದು ನಿಲ್ಲುತ್ತದೆ. ವಡಪಳನಿಯವರು ಅಂತಹ ಶಾಸ್ತ್ರನಿಷ್ಠೆಯ ಗೋಜಿಗೆ ಹೋಗಲಿಲ್ಲವೆಂಬುದು ಸ್ಪಷ್ಟ. 3,000 ಚದರ ಅಡಿಗೆ 300 ಮನೆಯೆಂದರೆ, ಬೀದಿಯನ್ನೂ ಸೇರಿಸಿ, ಮನೆಯೊಂದಕ್ಕೆ ಹತ್ತು ಚದರ ಅಡಿ ದೊರೆತಂತಾಯಿತು.

ಅಳತೆಯ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳ ಪರಿಪಾಟಿಯೇ ಬೇರೆ. ಅವರಲ್ಲಿ ರೈಲು ತೋಪುಗಳಿಗೆ ವಿಶೇಷವಾದ ಆದರವುಂಟು. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಸಿದ್ಧವಾಗಿ 1942ರಲ್ಲಿ ಸೆವಾಸ್ತೊಪೋಲಿನ ಕೋಟೆಗಳ ಮೇಲೆ ಗುಂಡು ಹಾರಿಸಿದ ‘ಡೋರಾ’ ತೋಪನ್ನು ತೆಗೆದುಕೊಳ್ಳಿ: 47 ಮೀಟರಿಗೂ ಮಿಕ್ಕಿದ ಉದ್ದ, 80 ಸೆಂಟಿಮೀಟರ್ ಬಾಯಿ, ಸುಮಾರು 1,350 ಟನ್ ತೂಕ, ಒಂದು ಹಳಿಯಲ್ಲಿ ಹಿಡಿಸದೆ ಜೋಡಿ ಹಳಿಗಳ ಮೇಲೆ ನಿಂತ ದೇಹ. 1:35ರ ಪ್ರಮಾಣದಲ್ಲಿ ಅದು ಸುಮಾರು 1.35 ಮೀಟರಿನ ಮಾದರಿಯಾಗಿ ಮೇಜಿನ ಮೇಲೆ ಬಂದು ಕೂರುತ್ತದೆ, ಬಾಯಿಗೆ ಹೆಬ್ಬೆರಳನ್ನು ತೂರಿಸಬಹುದು. ಕಟ್ಟುವವನ ಮುಂದೆ ಅಳತೆಗಳೂ ಛಾಯಾಚಿತ್ರಗಳೂ ಇರುತ್ತವೆ. ಒಂದು ರಿವೆಟ್ಟು ತಪ್ಪಿದರೆ ಆಕ್ಷೇಪಿಸುವ ಸಹಹವ್ಯಾಸಿಗಳೂ ಇರುತ್ತಾರೆ. ಮಾದರಿಯನ್ನು ಯಾವ ಕಡೆಯಿಂದ ನೋಡಿದರೂ ಸರಿಯಿರಬೇಕು. ಗೋಖಲೆ, ಕಲಾಧರರಿಗೆ ಆಕ್ಷೇಪಿಸುವವರ ಭಯವಿರಲಿಲ್ಲ, ಏಕೆಂದರೆ ಮೂಲವನ್ನು ನೋಡಿದವರೇ ಯಾರೂ ಇರಲಿಲ್ಲ. ಅವರು ತೃಪ್ತಿಪಡಿಸಬೇಕಾಗಿದ್ದುದು ಒಂದೇ ಒಂದು ಕಣ್ಣನ್ನು, ಅದೂ ಒಂದು ನಿಯತವಾದ ಜಾಗದಲ್ಲಿ ನಿಂತು ನೋಡುವ ಕ್ಯಾಮೆರಾದ ಕಣ್ಣನ್ನು.

ಒಂದೇ ಕಣ್ಣಾದುದರಿಂದ ಕೆಲಸ ಹಗುರವಾಯಿತೆಂದು ಭಾವಿಸುವುದು ತಪ್ಪು. ಪ್ರಕೃತಿಯಲ್ಲಿ ಎಲ್ಲವೂ ಒಂದೇ ಲೆಕ್ಕದಲ್ಲಿ ಚಿಕ್ಕದಾಗುವುದಿಲ್ಲ. ಡೋರಾದ ತೂಕವೇ ಉದ್ದದ ಹಾಗೆ ಮೂವತ್ತೈದರಲ್ಲೊಂದು ಪಾಲಾಗುವುದಿಲ್ಲ. ಮೂವತ್ತೈದರ ಘನದಿಂದ ಭಾಗಿಸಿದಾಗ 1,350 ಟನ್ ಕೇವಲ 31 ಕಿಲೋ ಚಿಲ್ಲರೆಗೆ ಇಳಿದುಬಿಡುತ್ತದೆ. ಮೇಲಿನಿಂದ ಬೀಳುವ ವಸ್ತುವಿನ ವಿಷಯದಲ್ಲಿ ಮತ್ತೊಂದು ನಿಯಮ: ಹದಿನಾರನೆಯ ಒಂದಂಶಕ್ಕೆ ಇಳಿಸಿದ ಗೋಪುರದಿಂದ ಕಲ್ಲು ನಾಲ್ಕನೆಯ ಒಂದಂಶ ಕಾಲದಲ್ಲಿ ನೆಲಕ್ಕೆ ಬೀಳುವುದರಿಂದ, ಅದು ನಿಜವೆಂದು ತೋರಬೇಕಾದರೆ ಕ್ಷಣಕ್ಕೆ 24ರ ಬದಲು 96 ಚಿತ್ರಗಳನ್ನು ತೆಗೆಯಬೇಕು. ನೀರಿನ ಹನಿಯಂತೂ ಯಾವ ಊರಿಗೆ ಹೋದರೂ ಹನಿಯೇ. ಹೊಗೆಯೂ ಬೆಂಕಿಯೂ ಹಾಗೆಯೇ ಹಟಮಾರಿಗಳು. ಮಿನಿಯೇಚರ್‌ನ ಗುಟ್ಟು ಬಯಲಾಗುವುದು ಬಹುಮಟ್ಟಿಗೆ ಇವುಗಳಿಂದಲೇ. ಇನ್ನು ಹತ್ತಿರದ ಮನೆಯೂ ದೂರದ ಮನೆಯೂ ಏಕಕಾಲದಲ್ಲಿ ಸ್ಫುಟವಾಗಿರಬೇಕಾದರೆ ಲೆನ್ಸಿನ ಬಾಯಿಯನ್ನು ಕಿರಿದು ಮಾಡಬೇಕು, ಕಿರಿದು ಮಾಡಿದರೆ ಬೆಳಕು ಸಾಲದು, ಬೆಳಕು ಹೆಚ್ಚಿಸಿದರೆ ಬಿಸಿ ತಾಳಲಾಗದು. ಮದರಾಸಿನ ಹವೆಯಲ್ಲಿ, ಸ್ಟುಡಿಯೋ ಫ್ಲೋರಿನ ದೊಡ್ಡ ದೀಪಗಳ ಕೆಳಗೆ, ಇದು ಬರಿಯ ಪುಸ್ತಕದ ಮಾತಲ್ಲ.

ಆದುದರಿಂದಲೇ ಆ 300 ಮನೆಗಳಿಗೆ ದೀಪ ಹಾಕಿದ ಬುದ್ಧಿಯನ್ನು ನಾನು ಮೆಚ್ಚುತ್ತೇನೆ. ದೂರದ ದೀಪಕ್ಕೆ ಗಾತ್ರವಿಲ್ಲ, ಅದೊಂದು ಬಿಂದು. ಪ್ರಮಾಣದ ಹಂಗಿಲ್ಲದೆ ಚಿಕ್ಕ ಊರಿನಲ್ಲೂ ದೊಡ್ಡ ಊರಿನಲ್ಲೂ ಒಂದೇ ತೆರನಾಗಿ ಉರಿಯುತ್ತದೆ. ಬೆಳಕಿರುವ ಕಿಟಕಿಯ ಹಿಂದೆ ಯಾರೋ ಇದ್ದಾರೆ, ಅಡಿಗೆಯೋ ಜಗಳವೋ ನಡೆಯುತ್ತಿದೆ ಎಂದು ನೋಡುವವನು ಕೇಳದೆಯೇ ನಂಬಿಬಿಡುತ್ತಾನೆ. ಬಾರ್ಟ್ಲಿಯವರು ಬೆಳಕಿನ ಮರ್ಮವನ್ನು ಬಲ್ಲವರು. ಅದೇ ಚಿತ್ರದ ದೋಣಿಯ ಹಾಡಿನ ಬೆಳದಿಂಗಳು ಇಂದಿಗೂ ಮಾತಿಗೆ ಬರುತ್ತದೆ, ಮಲಯಾಳದ ‘ಚೆಮ್ಮೀನ್’ ಚಿತ್ರದ ಕಡಲನ್ನು ಮುಂದೆ ಹಿಡಿದವರೂ ಅವರೇ.

ಇವೆಲ್ಲದರಲ್ಲಿ ನನಗೆ ಬಹಳ ಸೊಗಸೆನಿಸುವ ವೈಪರೀತ್ಯವೊಂದುಂಟು. ಕಥೆಯಲ್ಲಿ ದ್ವಾರಕೆ ಸತ್ಯ, ಘಟೋತ್ಕಚನ ಪರಿವಾರದವರು ವರನ ಕಡೆಯವರಾಗಿ ಬಂದ ಕೌರವರನ್ನು ಮರುಳುಗೊಳಿಸಲು ಹೂಡಿದ ಮಾಯಾಬಜಾರು ಮಿಥ್ಯೆ. ವಾಹಿನಿಯ ಫ್ಲೋರಿನಲ್ಲಾದರೋ ಶಕುನಿಯ ಪರಿವಾರ ನಡೆದಾಡಿ, ಮಲಗಿ, ಹೊರಳಿ, ಪೇಚಿಗೆ ಸಿಕ್ಕ ಬಿಡದಿಯು ಆಳೆತ್ತರದ ಬಾಗಿಲುಗಳುಳ್ಳ ಗಟ್ಟಿಯಾದ ಸೆಟ್. ಕೃಷ್ಣನ ರಾಜಧಾನಿಯೇ ಬೊಂಬೆಮನೆಗಳ ಸಾಲು. ಪ್ರೇಕ್ಷಕರಲ್ಲಿ ಯಾರೂ ಇದನ್ನು ಪ್ರಶ್ನಿಸಲಿಲ್ಲ. ಪ್ರಶ್ನಿಸದಂತೆ ಮಾಡುವುದೇ ಕಟ್ಟಿದವರ ಕಸಬು.

ಕೆ. ವಿ. ರೆಡ್ಡಿಯವರು 1965ರಲ್ಲಿ ನಿರ್ಮಿಸಿ ಹುಣಸೂರು ಕೃಷ್ಣಮೂರ್ತಿಗಳು ನಿರ್ದೇಶಿಸಿದ ನಮ್ಮ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಕಂಪ್ಯೂಟರಿನ ಮೂಲಕ ಬಣ್ಣ ಬಂದಿತು, ‘ಮಾಯಾಬಜಾರ್’ಗೆ 2010ರಲ್ಲಿ. ಚಿತ್ರ ಹೀಗೆ ಉಳಿಯಿತು, ಕಟ್ಟಿದ ಊರು ಉಳಿಯಲಿಲ್ಲ. ಪುರಾಣದ ದ್ವಾರಕೆಯನ್ನು ಸಮುದ್ರ ನುಂಗಿತು. ಸ್ಟುಡಿಯೋಗಳಲ್ಲಿ ಸಮುದ್ರದ ಕೆಲಸವನ್ನು ಮುಂದಿನ ಚಿತ್ರದವರು ಮಾಡುತ್ತಾರೆ, ಅವರಿಗೂ ಫ್ಲೋರು ಬೇಕು. ವಾಹಿನಿಯ ನೆಲದ ಒಂದು ಭಾಗದಲ್ಲಿ ಆಸ್ಪತ್ರೆ ಎದ್ದಿತು, ಇನ್ನೊಂದರಲ್ಲಿ 2013ರಲ್ಲಿ ದೊಡ್ಡದೊಂದು ಮಾಲ್ ಬಂದಿತು. ಸಂಜೆ ಅಲ್ಲಿ ದೀಪಗಳು ಹೊತ್ತಿಕೊಳ್ಳುವಾಗ ಆರ್ಕಾಟ್ ರಸ್ತೆಯ ಆಚೆ ಬದಿಯಲ್ಲಿ ನಿಂತು ನಾನೊಮ್ಮೆ ಅವುಗಳನ್ನು ಎಣಿಸತೊಡಗಿದ್ದುಂಟು. ನಲವತ್ತು ದಾಟುವಷ್ಟರಲ್ಲಿ ಸಿಟಿ ಬಸ್ಸೊಂದು ಅಡ್ಡ ಬಂದು ನಿಂತಿತು, ನನಗೆ ಬೇಕಾದ ಬಸ್ಸೂ ಅದೇ ಆಗಿತ್ತು.