ಹಣೆಪಟ್ಟಿಯನ್ನು ಓದುವವರು ಯಾರು?

1967ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ ಬಡಾವಣೆಯಲ್ಲಿ ಒಂದು ಶವಯಾತ್ರೆ ಹೊರಟಿತು. ಪೆಟ್ಟಿಗೆಯೊಳಗೆ ಹೆಣವಿರಲಿಲ್ಲ; ಮಣಿಸರಗಳು, ಭಿತ್ತಿಪತ್ರಗಳು, ಪತ್ರಿಕೆಯ ತುಣುಕುಗಳಿದ್ದವು. ಸತ್ತದ್ದು 'ಹಿಪ್ಪಿ' ಎಂಬ ಹೆಸರು. ಹೊತ್ತವರು, ಜಗತ್ತು ಯಾರನ್ನು ಹಿಪ್ಪಿಗಳೆಂದು ಕರೆಯುತ್ತಿತ್ತೋ ಅವರೇ. ಅಂತ್ಯಕ್ರಿಯೆಗೆ ಕರೆದ ಓಲೆಯಲ್ಲಿ ಹಿಪ್ಪಿಯನ್ನು ಸಮೂಹ ಮಾಧ್ಯಮದ ನಿಷ್ಠಾವಂತ ಮಗನೆಂದು ಬಣ್ಣಿಸಲಾಗಿತ್ತು. ಆ ವರ್ಷ ಜಗತ್ತಿನಲ್ಲೆಲ್ಲ ಸುದ್ದಿಯಾಗಿದ್ದ ತಮ್ಮದೇ ಹೆಸರನ್ನು ಜನ ಯಾಕೆ ಹೂಳಲು ಹೊರಟರು? ಉಡುಪು, ಸಂಗೀತ, ಬದುಕುವ ರೀತಿಯಿಂದ ಒಂದು ಗುಂಪಾದವರು ಆ ಗುಂಪಿನ ಹೆಸರು ಕೇಳಿದೊಡನೆ ಸಿಡಿಮಿಡಿಗೊಳ್ಳುವುದರ ಗುಟ್ಟು ಈ ಪ್ರಶ್ನೆಯಲ್ಲಿದೆ.

ಇಂಥವರಿಗೆ ಯಾವ ಹೆಸರೂ ಬೇಡ ಎಂದುಕೊಂಡರೆ ತಪ್ಪಾಗುತ್ತದೆ. ಅದೇ ಊರಿನಲ್ಲಿ ಒಂಬತ್ತು ವರ್ಷ ಹಿಂದೆ ನಡೆದದ್ದನ್ನು ನೋಡಬೇಕು. ಲೇಖಕ ಜಾಕ್ ಕೆರೊವಾಕ್ ಮತ್ತು ಅವರ ಗೆಳೆಯರು ತಮ್ಮ ಪೀಳಿಗೆಯನ್ನು 'ಬೀಟ್' ಎಂದು ತಾವೇ ಕರೆದುಕೊಳ್ಳುತ್ತಿದ್ದರು. ದಣಿದು ಸೋತವರು ಎಂಬ ಬೀದಿಯ ಅರ್ಥದ ಜೊತೆಗೆ ಕೆರೊವಾಕ್ ಆ ಪದದಲ್ಲಿ ಧನ್ಯತೆಯ ಅರ್ಥವನ್ನೂ ಕಂಡಿದ್ದರು. 1958ರ ಏಪ್ರಿಲ್ 2ರಂದು ಅಂಕಣಕಾರ ಹರ್ಬ್ ಕೇನ್ 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್'ನಲ್ಲಿ 'ಬೀಟ್‌ನಿಕ್' ಎಂದು ಬರೆದರು. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿ ಆಗಿನ್ನೂ ಆರು ತಿಂಗಳು. ಬಾಲಕ್ಕೆ ಅಂಟಿದ ಆ 'ನಿಕ್' ಶೀತಲ ಸಮರದ ಅಮೆರಿಕದಲ್ಲಿ ವೈರಿ ದೇಶದ ವಾಸನೆಯನ್ನೂ ಹೊತ್ತು ತಂದಿತು. ಕುರುಚಲು ಗಡ್ಡ, ಬೆರೆ ಟೊಪ್ಪಿಗೆ, ತೊಡೆಯ ಮಧ್ಯೆ ಬೊಂಗೊ ವಾದ್ಯ: ಇಷ್ಟಿದ್ದರೆ ಬೀಟ್‌ನಿಕ್ ಎಂಬಲ್ಲಿಗೆ ಬಂತು. ಕೊನೆಗೆ ನ್ಯೂಯಾರ್ಕಿನಲ್ಲಿ ಫ್ರೆಡ್ ಮೆಕ್‌ಡಾರಾ ಎಂಬ ಛಾಯಾಗ್ರಾಹಕರು ಪಾರ್ಟಿಗಳಿಗೆ ಬೀಟ್‌ನಿಕ್‌ಗಳು ಬಾಡಿಗೆಗೆ ಸಿಗುತ್ತಾರೆ ಎಂದು ಜಾಹೀರಾತನ್ನೇ ಕೊಟ್ಟರು. 'ಬೀಟ್' ಎಂಬುದನ್ನು ಹೆಮ್ಮೆಯಿಂದ ಹೇಳಿಕೊಂಡ ಕೆರೊವಾಕ್ ಅವರಿಗೆ 'ಬೀಟ್‌ನಿಕ್' ಎಂದರೆ ಮೈಯುರಿ. ಜನ ಅವರೇ, ಬದುಕು ಅದೇ. ಹೆಸರಿಟ್ಟವರು ಮಾತ್ರ ಬೇರೆ.

ಕನ್ನಡದ 'ಹಣೆಪಟ್ಟಿ' ಎಂಬ ಮಾತು ಈ ನೋವನ್ನು ಚೆನ್ನಾಗಿ ಹಿಡಿಯುತ್ತದೆ. ಹಣೆಗೆ ಕಟ್ಟಿದ ಪಟ್ಟಿಯನ್ನು ಎದುರಿನವರು ಓದಬಹುದು, ಕಟ್ಟಿಸಿಕೊಂಡವರಿಗೆ ಅದು ಕಾಣುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಪಟ್ಟಿ ಅವರ ಪರವಾಗಿ ಮಾತಾಡಿ ಮುಗಿಸಿರುತ್ತದೆ. 1967ರಲ್ಲಿ ಹಿಪ್ಪಿಗಳನ್ನು ತೋರಿಸಲೆಂದೇ ಹೇಟ್-ಆಶ್‌ಬರಿಗೆ ಪ್ರವಾಸಿ ಬಸ್ಸುಗಳು ಬರತೊಡಗಿದವು. ಕಿಟಕಿಗಳ ತುಂಬ ಕ್ಯಾಮೆರಾಗಳು. ಬೀದಿಯಲ್ಲಿದ್ದ ಕೆಲವು ಯುವಕರು ಬಸ್ಸಿನ ಪಕ್ಕಕ್ಕೆ ಬಂದು ಕಿಟಕಿಗೆ ಎದುರಾಗಿ ಕನ್ನಡಿ ಹಿಡಿದರು. ನೋಡಲು ಬಂದವರಿಗೆ ಕಂಡದ್ದು ತಮ್ಮದೇ ಮುಖ. ನೋಡುವವರು ಒಂದು ಕಡೆ, ನೋಡಿಸಿಕೊಳ್ಳುವವರು ಇನ್ನೊಂದು ಕಡೆ ಎಂದು ಹೆಸರು ಎಳೆದಿದ್ದ ಗೆರೆಯನ್ನು ಆ ಕನ್ನಡಿ ಒಂದು ಕ್ಷಣವಾದರೂ ಅಳಿಸಿತು.

ಇದೆಲ್ಲ ಬರೀ ಒಣ ಜಂಬ ಎಂಬ ಆಕ್ಷೇಪವಿದೆ. ಎಲ್ಲರೂ ಒಂದೇ ಥರ ಕೂದಲು ಬಿಟ್ಟು, ಒಂದೇ ಥರ ಬಟ್ಟೆ ತೊಟ್ಟು, ನಾವು ಯಾರ ಹಾಗೂ ಇಲ್ಲ ಎಂದರೆ ನಂಬುವುದು ಹೇಗೆ? ಹೋಲಿಕೆ ಇದೆ ನಿಜ. ಆದರೆ ಒಂದೇ ಮನೆಯ ಮಕ್ಕಳಲ್ಲೂ ಹೋಲಿಕೆಯಿರುತ್ತದೆ; ಅಷ್ಟಕ್ಕೇ ಒಬ್ಬರನ್ನು ನೋಡಿ ಎಲ್ಲರನ್ನೂ ಅರಿತೆವು ಎನ್ನುವುದಿಲ್ಲ. ಹಣೆಪಟ್ಟಿ ಮಾಡುವುದು ಆ ಕೆಲಸವನ್ನೇ. ಹೋಲಿಕೆಯನ್ನು ಹಿಡಿದು ಉಳಿದ ವಿಚಾರಣೆಯನ್ನು ಮುಗಿಸಿಬಿಡುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಹೆಸರು ರಕ್ಷಣೆಯನ್ನೂ ಕೊಡುತ್ತದೆ. 2007ರಲ್ಲಿ ಇಂಗ್ಲೆಂಡಿನ ಬೇಕಪ್ ಎಂಬ ಸಣ್ಣ ಪಟ್ಟಣದ ಪಾರ್ಕಿನಲ್ಲಿ ಗಾಥ್ ಎಂಬ ಉಪಸಂಸ್ಕೃತಿಯ ಉಡುಪಿನ ಇಪ್ಪತ್ತರ ಯುವತಿಯೊಬ್ಬಳನ್ನು, ಅವಳು ಬೇರೆ ಥರ ಕಾಣುತ್ತಾಳೆಂಬ ಕಾರಣಕ್ಕೆ, ಹುಡುಗರ ಗುಂಪು ಹೊಡೆದು ಕೊಂದಿತು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಉಪಸಂಸ್ಕೃತಿಗಳವರ ಮೇಲಿನ ಇಂಥ ದಾಳಿಗಳನ್ನು ದ್ವೇಷದ ಅಪರಾಧಗಳೆಂದೇ ದಾಖಲಿಸಿಕೊಳ್ಳತೊಡಗಿದರು. ಹೆಸರಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಇಲ್ಲಿ ಹೆಸರು ದೂರು ಕೊಡುವವರ ಕೈಯಲ್ಲಿದೆ. ನನ್ನ ಮೇಲೆ ಕೈಮಾಡಿದ್ದು ಇದಕ್ಕಾಗಿ ಎಂದು ಹೇಳಲು ಅವರೇ ಅದನ್ನು ಬಳಸುತ್ತಾರೆ. ಹೊಡೆದವರ ಕೈಯಲ್ಲಿ ಅದೇ ಹೆಸರು ಕಲ್ಲಾಗಿತ್ತು.

ಅಂದು ಹೂಳಲು ಹೊರಟ 'ಹಿಪ್ಪಿ' ಎಂಬ ಹೆಸರು ಗೋರಿಯಲ್ಲಿ ಉಳಿಯಲಿಲ್ಲ. ಕನ್ನಡಕ್ಕೂ ಬಂದು, ಕೂದಲು ಬಿಟ್ಟ ಹುಡುಗರನ್ನು ಗದರುವ ಮಾತಾಯಿತು. ಹಂಪಿಯ ಎದುರಿಗೆ, ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡೆಗೆ 'ಹಿಪ್ಪಿ ಐಲ್ಯಾಂಡ್' ಎಂದು ಪ್ರವಾಸಿಗರು ಹೆಸರಿಟ್ಟರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದಾಗಲೂ ಸುದ್ದಿಯಲ್ಲಿ ಓಡಾಡಿದ್ದು ಆ ಹೆಸರೇ. ಬಂದುಹೋಗುವವರು ಇಟ್ಟ ಹೆಸರು, ಅಲ್ಲಿ ಭತ್ತ ಬೆಳೆದು ಬಾಳುವವರ ಊರಿನ ಹೆಸರನ್ನು ಮರೆಗೆ ತಳ್ಳಿತು. ಊರಿಗಾದರೆ ಹೀಗೆ, ಮನುಷ್ಯರಿಗೆ ಹೇಳುವುದೇ ಬೇಡ. ಕರೆಯಲು ಒಂದು ಹೆಸರು ಬೇಕೇ ಬೇಕಾದರೆ ಮೊದಲು ಅವರನ್ನೇ ಕೇಳೋಣ. ಅವರು ಕೊಟ್ಟ ಉತ್ತರ ನಾವು ಬರೆದಿಟ್ಟುಕೊಂಡ ಪಟ್ಟಿಗೆ ಹೊಂದದಿದ್ದರೆ, ಹರಿಯಬೇಕಾದದ್ದು ಪಟ್ಟಿಯನ್ನು.