ನಳಿಗೆಯೊಳಗಿನ ಕೆತ್ತನೆ

ಫಿಲಡೆಲ್ಫಿಯಾದಲ್ಲಿರುವ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯದ ಬಳಿ 1775ರ ಒಂದು ಉದ್ದ ಕೋವಿಯಿದೆ. ಅದನ್ನು ಮಾಡಿದವನು ಪೆನ್ಸಿಲ್ವೇನಿಯಾದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಊರಿನ ಕುಶಲಿ ಯೋಹಾನ್ ಕ್ರಿಶ್ಚಿಯನ್ ಓರ್ಟರ್. 1971ರಲ್ಲಿ ಅದೇ ರಾಜ್ಯದ ವ್ಯಾಲಿ ಫೋರ್ಜ್ ಎಂಬಲ್ಲಿಂದ ಕಳುವಾದ ಅದು ಮತ್ತೆ ಸಿಗಲು ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು. ಇಂಥ ಕೋವಿಗಳ ಮರದ ಹಿಡಿಯಲ್ಲಿ ಅರಳಿದ ಬಳ್ಳಿಗಳನ್ನೂ ಹಿತ್ತಾಳೆಯ ಕುಸುರಿಯನ್ನೂ ನೋಡಿ ಎಲ್ಲರೂ ಮೆಚ್ಚುತ್ತಾರೆ. ಮೆಚ್ಚಬೇಕಾದದ್ದೇ. ಆದರೆ ನನ್ನ ಲೆಕ್ಕದಲ್ಲಿ ಇವುಗಳ ಶ್ರೇಷ್ಠ ಕೆತ್ತನೆ ಇರುವುದು ನಳಿಗೆಯ ಒಳಗೆ, ಕಣ್ಣಿಗೆ ಬೀಳದ ಕತ್ತಲಲ್ಲಿ.

18ನೇ ಶತಮಾನದ ಆರಂಭದಲ್ಲಿ ಜರ್ಮನ್ ಮತ್ತು ಸ್ವಿಸ್ ಕುಶಲಿಗಳು ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಅವರ ತವರಿನ ಬೇಟೆಕೋವಿ ಗಿಡ್ಡ, ಅದರ ಗುಂಡು ದಪ್ಪ. ಹೊಸ ನಾಡಿನ ಬೇಟೆಗಾರನಾದರೋ ಸೀಸವನ್ನೂ ಮದ್ದನ್ನೂ ಹೊತ್ತುಕೊಂಡು ವಾರಗಟ್ಟಲೆ ಕಾಡು ಸುತ್ತಬೇಕು. ಗುಂಡಿನ ವ್ಯಾಸವನ್ನು 0.60 ಇಂಚಿನಿಂದ 0.45ಕ್ಕೆ ಇಳಿಸಿದರೆ ಅಷ್ಟೇ ಸೀಸದಲ್ಲಿ ಎರಡು ಪಟ್ಟಿಗೂ ಹೆಚ್ಚು ಗುಂಡು ಸಿಗುತ್ತವೆ. ಹೀಗೆ ಗುಂಡು ಸಣ್ಣದಾಯಿತು, ನಳಿಗೆ ಉದ್ದವಾಯಿತು; 42 ಇಂಚಿನ ನಳಿಗೆ ಆಗ ಅಪರೂಪವೇನಲ್ಲ. ಉದ್ದ ನಳಿಗೆಯಲ್ಲಿ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ. ಗುರಿ ಹಿಡಿಯುವ ಎರಡು ಗುರುತುಗಳ ನಡುವಿನ ಅಂತರವೂ ಹೆಚ್ಚಿ, ಕಣ್ಣಿನ ತಪ್ಪು ಕಡಿಮೆಯಾಗುತ್ತದೆ.

ಆ ಕಾಲದ ಸೈನಿಕರ ಬಂದೂಕಿನ ನಳಿಗೆ ಒಳಗೆ ನುಣುಪು. ಸಡಿಲವಾಗಿ ಕೂತ ಗುಂಡು ಗೋಡೆಗೆ ಬಡಿಯುತ್ತ ಹೊರಬಂದು, ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತಿತ್ತು. ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಬ್ರಿಟಿಷ್ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1740ರ ದಶಕದಲ್ಲೇ ಇದನ್ನು ವಿವರಿಸಿದ್ದ. ಹೇಗೂ ತಿರುಗುವ ಗುಂಡು ಹೋಗುವ ದಾರಿಯನ್ನೇ ಅಕ್ಷವಾಗಿಸಿಕೊಂಡು ತಿರುಗಿದರೆ ಆ ಪಕ್ಕದ ತಳ್ಳಾಟ ಉಳಿಯುವುದಿಲ್ಲ, ಗುಂಡಿನ ಮೈಯ ಸಣ್ಣಪುಟ್ಟ ಓರೆಕೋರೆಗಳ ಪರಿಣಾಮವೂ ಸುತ್ತುಸುತ್ತಿಗೆ ಸರಿದೂಗುತ್ತದೆ. ಅದಕ್ಕಾಗಿಯೇ ನಳಿಗೆಯೊಳಗೆ ಸುರುಳಿ ಗೀರು. ಜಿಡ್ಡು ಸವರಿದ ಬಟ್ಟೆತುಂಡಿನಲ್ಲಿ ಗುಂಡನ್ನಿಟ್ಟು ಕೋಲಿನಿಂದ ಕೆಳಕ್ಕೆ ದೂಡಿದರೆ ಬಟ್ಟೆ ಗೀರುಗಳನ್ನು ಕಚ್ಚಿಕೊಂಡು, ಹೊರಬರುವಾಗ ಗುಂಡನ್ನು ತಿರುಗಿಸುತ್ತದೆ. ನುಣುಪು ನಳಿಗೆಯ ಗುರಿ 100 ಮೀಟರ್ ಒಳಗೇ ಕೈಕೊಡುತ್ತಿದ್ದರೆ, ಪಳಗಿದ ಕೈಯಲ್ಲಿ ಈ ಕೋವಿ 200 ಮೀಟರ್ ಆಚೆಗೂ ಗುರಿ ಮುಟ್ಟುತ್ತಿತ್ತು.

ಇಂಥ ನಳಿಗೆಯನ್ನು ಮಾಡುತ್ತಿದ್ದ ಬಗೆ ಕೇಳಿ. ಕಬ್ಬಿಣದ ಉದ್ದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಸರಳಿನ ಸುತ್ತ ಮಡಿಸಿ, ಗೇಣುಗೇಣಾಗಿ ಬಡಿದು ಬೆಸೆಯಬೇಕು. ಬೆಸುಗೆ ಎಲ್ಲಿ ಬಿಟ್ಟುಕೊಂಡರೂ ನಳಿಗೆ ಹೊಡೆಯುವವನ ಮುಖದೆದುರೇ ಸಿಡಿದೀತು. ತೂತನ್ನು ಕೊರೆದು ನಯಗೊಳಿಸಿ, ಹೊರಮೈಯನ್ನು ಅರದಿಂದ ಉಜ್ಜಿ ಎಂಟು ಮೂಲೆ ಮಾಡಿದ ಮೇಲೆ ಸುರುಳಿಯ ಸರದಿ. ಮೈತುಂಬ ಸುರುಳಿ ಗೀರುಗಳಿರುವ ಮರದ ದಪ್ಪ ದಿಂಡೊಂದು ಬೆಂಚಿನ ಮೇಲೆ ಹಿಂದೆಮುಂದೆ ಸರಿಯುತ್ತದೆ, ಸರಿದಂತೆ ತಿರುಗುತ್ತದೆ. ಅದರ ತುದಿಯ ಕೋಲಿನಲ್ಲಿ ಉಕ್ಕಿನ ಪುಟ್ಟ ಹಲ್ಲು. ಒಂದು ಎಳೆತಕ್ಕೆ ಬರುವುದು ಕೂದಲೆಳೆಯಷ್ಟು ಕಬ್ಬಿಣ. ಹಲ್ಲಿನ ಅಡಿಗೆ ತೆಳು ಕಾಗದ ಸೇರಿಸಿ ಅದನ್ನು ಚೂರು ಎತ್ತರಿಸಿ ಮತ್ತೆ ಎಳೆಯಬೇಕು. ಹೀಗೆ ಸಾಮಾನ್ಯವಾಗಿ ಏಳು ಗೀರು. ಕುಶಲಿಗೆ ತನ್ನ ಕೆಲಸ ಕಾಣುವುದಿಲ್ಲ. ಕೈಗೆ ತಾಗುವ ಬಿಗಿತವೊಂದೇ ದಾರಿ ತೋರಬೇಕು.

ಮದ್ದಿಗೆ ಕಿಡಿ ತಾಗಿಸುವ ಚಕಮಕಿಯ ಯಂತ್ರವನ್ನು ಎಷ್ಟೋ ಸಲ ಇಂಗ್ಲೆಂಡ್ ಅಥವಾ ಜರ್ಮನಿಯಿಂದ ತರಿಸಿಕೊಳ್ಳುತ್ತಿದ್ದರು. ಅದರ ‘ಕುದುರೆ’ ಎಂಬ ಬಡಿಯುವ ಭಾಗದ ಬಾಯಲ್ಲಿನ ಕಲ್ಲು ಉಕ್ಕಿಗೆ ಬಡಿದಾಗ ಹಾರುವ ಕಿಡಿ ಕಲ್ಲಿನದಲ್ಲ, ಕೆರೆದು ಬಂದ ಉಕ್ಕಿನ ಚೂರೇ ಉರಿಯುತ್ತಿರುತ್ತದೆ. ಅದು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಾಗಿ, ಬೆಂಕಿ ಸಣ್ಣ ಕಿಂಡಿಯಿಂದ ನಳಿಗೆಯೊಳಕ್ಕೆ ನುಗ್ಗುತ್ತದೆ.

ಹಿಡಿಗೆ ಮೇಪಲ್ ಮರ, ಅದರಲ್ಲೂ ನಾರು ಅಲೆಅಲೆಯಾಗಿ ಬೆಳೆದದ್ದು. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಸವರಿ ಬಿಸಿ ತಾಗಿಸಿದರೆ, ನಾರಿನ ಕೊನೆಗಳು ಮೇಲ್ಮೈಗೆ ಬಂದ ಕಡೆ ಬಣ್ಣ ಹೆಚ್ಚು ಇಳಿದು ಹುಲಿಪಟ್ಟೆ ಮೂಡುತ್ತದೆ. ಇದೇ ಅಲೆ ಕೆತ್ತುವವನಿಗೆ ಶತ್ರು: ನಾರು ದಿಕ್ಕು ಬದಲಿಸಿದಲ್ಲೆಲ್ಲ ಉಳಿ ಸಿಕ್ಕಿಕೊಂಡು ಮರ ಎದ್ದುಬರುತ್ತದೆ. ಅಂಥ ಮರದಲ್ಲಿ ಅಷ್ಟು ಸರಾಗವಾದ ಬಳ್ಳಿ ಬಿಡಿಸಿದವರ ಬಗ್ಗೆ ನನಗೆ ಅಪಾರ ಗೌರವ.

ಕಾರ್ಖಾನೆಗಳು ಬಂದ ಮೇಲೆ ಈ ವಿದ್ಯೆ ಬಹುಮಟ್ಟಿಗೆ ಮರೆಯಾಯಿತು. 1960ರ ದಶಕದಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಕುಶಲಿ ವ್ಯಾಲೇಸ್ ಗಸ್ಲರ್ ಹಳೆಯ ಉಪಕರಣಗಳಿಂದಲೇ ಇಡೀ ಕೋವಿಯನ್ನು ಮತ್ತೆ ಮಾಡಿ ತೋರಿಸಿದರು. ಆ ಕೆಲಸವನ್ನು 1969ರಲ್ಲಿ ಸಾಕ್ಷ್ಯಚಿತ್ರವಾಗಿಯೂ ದಾಖಲಿಸಲಾಯಿತು. ಕೈಯಿಂದ ಕೋವಿ ಮಾಡುವ ಇಂದಿನ ಅನೇಕ ಕುಶಲಿಗಳು ಕಲಿತದ್ದು ಅವರ ದಾರಿ ನೋಡಿಯೇ.