ರಜೆಗೆ ಯಾವ ಊರು?

ರಜೆ ಬರುವುದಕ್ಕೆ ಒಂದು ತಿಂಗಳು ಮೊದಲೇ ರಜೆಯ ಚಿಂತೆ ಬಂದುಬಿಡುತ್ತದೆ. ‘ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆ ಕೇಳುವುದಕ್ಕೆ ಸಣ್ಣದು. ಆದರೆ ಒಂದು ಮನೆಯ ನಾಲ್ವರನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಕೂರಿಸುವ ಶಕ್ತಿ ಅದಕ್ಕುಂಟು. ಅಜ್ಜಿಗೆ ದೇವರ ದರ್ಶನವಾಗಬೇಕು. ಯಜಮಾನರಿಗೆ ಖರ್ಚು ಕಡಮೆಯಾಗಬೇಕು. ಗೃಹಿಣಿಗೆ ಒಲೆಯ ಮುಖ ಕಾಣದಿದ್ದರೆ ಸಾಕು. ಹುಡುಗರಿಗೆ ಏನಾದರೂ ಸಾಹಸವಿರಬೇಕು. ಇಷ್ಟನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಡುವ ಊರು ಭೂಮಂಡಲದಲ್ಲಿ ಎಲ್ಲಿದೆಯೋ ನಾನರಿಯೆ.

ನಾನು ಅಧ್ಯಾಪನದಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ಆದರೂ ಡಿಸೆಂಬರ್ ಹತ್ತಿರವಾದಂತೆ ಪರಿಚಯದ ವಿದ್ಯಾರ್ಥಿಗಳು ಮನೆಗೆ ಬಂದು, “ಸಾರ್, ಮೂರು ದಿನ ರಜೆಯಿದೆ, ಎಲ್ಲಿಗಾದರೂ ನಮ್ಮ ಜೊತೆ ಬನ್ನಿ” ಎಂದು ಕರೆಯುವುದುಂಟು. ಈಚಿನ ಒಂದು ವರ್ಷ ಹೀಗೆಯೇ ಆರು ಮಂದಿ ಬಂದರು. ಅವರ ಬೇಡಿಕೆ ಮೂರೇ: ಹಿತವಾದ ಬಿಸಿಲಿರಬೇಕು, ಕಣ್ತುಂಬ ನೋಟವಿರಬೇಕು, ಕೈಕಾಲಿಗೆ ಕೆಲಸವಿರಬೇಕು. ಒಬ್ಬ ಗೋವೆಯೆಂದ, ಇನ್ನೊಬ್ಬ ಹಿಮಾಲಯವೆಂದ. ಎಲ್ಲರ ಜೇಬಿನಲ್ಲಿದ್ದುದನ್ನು ಕೂಡಿ ನೋಡಿದಾಗ ಹಿಮಾಲಯವು ತಾನಾಗಿಯೇ ಹಿಂದೆ ಸರಿಯಿತು.

“ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ—ಈ ನಾಲ್ಕು ತಾಲ್ಲೂಕು ಬಿಟ್ಟು ಆಚೆಗೆ ಹೋಗದೆ ಮೂರು ದಿನ ಕಳೆಯೋಣ” ಎಂದೆ.

ಹುಡುಗರ ಮುಖ ಸಪ್ಪಗಾಯಿತು. ಬೆಂಗಳೂರಿಗೆ ಅಂಟಿಕೊಂಡ ಸೀಮೆ. ಮೈಸೂರಿಗೆ ಹೋಗುವಾಗ ಕಿಟಕಿಯಿಂದ ಕಂಡು ಮರೆಯುವ ಬಂಡೆಗಳು. ಹತ್ತಿರದ ಬೆಟ್ಟವೂ ನುಣ್ಣಗಾಗುವುದುಂಟು, ಅದನ್ನು ತುಂಬ ಸಲ ನೋಡಿದೆವೆಂಬ ಭ್ರಮೆಯಿದ್ದರೆ!

ಆ ಬಂಡೆಗಳ ಬಗ್ಗೆ ಎರಡು ಮಾತು ಹೇಳಬೇಕು. 1799ರ ತರುವಾಯ ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರವು ಬಹುಕಾಲ ಕ್ಲೋಸ್‌ಪೇಟೆಯೆನಿಸಿಕೊಂಡಿತ್ತು. ಊರಿನವರು ಆ ಹೆಸರನ್ನು ಮರೆತರೂ ಭೂವಿಜ್ಞಾನಿಗಳು ಮರೆಯಲಿಲ್ಲ. ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರು ಹಬ್ಬಿರುವ ಈ ಕಲ್ಲಿನ ಪಟ್ಟಿಯನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣವೆಂದು ಬದಲಿಸಲು ರಾಜ್ಯದ ಸಚಿವ ಸಂಪುಟ ಒಪ್ಪಿತು. ಬಂಡೆಗಳು ಇದಾವುದನ್ನೂ ಲೆಕ್ಕಕ್ಕಿಟ್ಟುಕೊಂಡಂತೆ ಕಾಣುವುದಿಲ್ಲ.

ಮೊದಲ ದಿನವನ್ನು ಮಾಗಡಿ ಸೀಮೆಯ ಸಾವನದುರ್ಗಕ್ಕೆ ಮೀಸಲಿಟ್ಟೆವು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದು, ಬೆಳಗಿನ ಮೊದಲ ಹೊತ್ತಿಗೇ ಬೆಟ್ಟದ ಬುಡದಲ್ಲಿದ್ದೆವು. ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈಮುಗಿದು ಕರಿಗುಡ್ಡದ ಕಡೆ ನಡೆದೆವು. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ ಈ ದುರ್ಗ ಮಾಗಡಿಯ ಕೆಂಪೇಗೌಡರ ವಂಶಕ್ಕೆ ಆಶ್ರಯವಾಗಿದ್ದು, 1728ರಲ್ಲಿ ಮೈಸೂರಿನ ವಶವಾಯಿತು. ಯಾರಿಗೂ ಬಗ್ಗದೆಂದು ಹೆಸರಾಗಿದ್ದ ಇದನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಾವಲಿನವರಿಂದ ಕಿತ್ತುಕೊಂಡಿತು. ಹತ್ತುವ ದಾರಿಯುದ್ದಕ್ಕೂ ಆ ಕೋಟೆಯ ಮುರಿದ ಗೋಡೆಗಳು ಸಿಗುತ್ತವೆ. ಅಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುವಾಗ, ಮದ್ದುಗುಂಡು ಹೊತ್ತು ಇದೇ ಬಂಡೆಯನ್ನೇರಿದವರ ಕಷ್ಟ ಮನಸ್ಸಿಗೆ ಬಾರದಿರದು.

ಬಿಸಿಲನ್ನರಸಿ ಹೊರಟವರು ಮೊದಲು ಕಲಿಯಬೇಕಾದ ಪಾಠ ಇಲ್ಲಿದೆ. ಏಳು ಗಂಟೆಯ ಬಿಸಿಲು ಶಾಲು ಹೊದಿಸಿದಂತಿರುತ್ತದೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅದೇ ಬಂಡೆ ಕಾವಲಿಯಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ, ಕಾಲಿಟ್ಟಲ್ಲಿ ಕಾಲು ನಿಲ್ಲದು. ಆದುದರಿಂದ ಊರನ್ನು ಆರಿಸಿದರೆ ಸಾಲದು, ಋತುವನ್ನೂ ಹೊತ್ತನ್ನೂ ಆರಿಸಬೇಕು. ನಾವು ಒಂಬತ್ತಕ್ಕೆ ಮೊದಲೇ ತುದಿಯ ನಂದಿಮಂಟಪದಲ್ಲಿ ಕುಳಿತು ಅವಲಕ್ಕಿ ತಿಂದೆವು. ಕೆಳಗೆ ಅರ್ಕಾವತಿಯನ್ನು ತಡೆದು ನಿಲ್ಲಿಸಿದ ಮಂಚನಬೆಲೆಯ ನೀರು ಹಾಸಿದ ಕನ್ನಡಿಯಂತಿತ್ತು. “ಇಳಿದ ಮೇಲೆ ಅಲ್ಲಿ ಈಜಬಹುದೇ ಸಾರ್?” ಎಂದೊಬ್ಬ ಕೇಳಿದ. ಮೇಲಿನಿಂದ ಅಷ್ಟು ಸೌಮ್ಯವಾಗಿ ತೋರುವ ಆ ಜಲಾಶಯದಲ್ಲಿ ರಜೆಗೆಂದು ಬಂದ ಹಲವು ತರುಣರು ಪ್ರಾಣ ಕಳೆದುಕೊಂಡಿದ್ದಾರೆಂದು ಹೇಳಿದೆ. ಅವನು ಮತ್ತೆ ಕೇಳಲಿಲ್ಲ.

ಮಧ್ಯಾಹ್ನದ ಉರಿಬಿಸಿಲಿಗೆ ನೆರಳು ಬೇಕಷ್ಟೆ. ಅದಕ್ಕೆ ಚನ್ನಪಟ್ಟಣವಿದೆ. ಅಲ್ಲಿ ಒಂದು ಆಟಿಕೆಯ ಕಾರ್ಖಾನೆಯಲ್ಲಿ ಎರಡು ಗಂಟೆ ಕುಳಿತೆವು. ಹಾಲೆಮರದ ಬಿಳಿಯ ತುಂಡು ಗರಗರನೆ ತಿರುಗುತ್ತಿರುವಾಗ ಕುಶಲಿಯು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮೇಲೆ ಕೇದಗೆಯ ಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಹಿಂದಿರುಗುವ ದಾರಿಯಲ್ಲಿ, ಎಚ್. ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕದ ಮರಗಳ ಕೆಳಗೆ ಸಂಜೆಯಾಯಿತು.

ಆ ರಾತ್ರಿ ಮಾರನೆಯ ದಿನದ ಮಾತು ಬಂತು. ತಂಡದಲ್ಲಿ ಬಂಡೆ ಹತ್ತುವ ಕಲೆಯನ್ನು ಕ್ರಮವಾಗಿ ಕಲಿತ ಹುಡುಗಿಯೊಬ್ಬಳಿದ್ದಳು. ಹಗ್ಗವನ್ನೂ ತಂದಿದ್ದಳು. ‘ಶೋಲೆ’ ಚಿತ್ರ 1975ರಲ್ಲಿ ತೆರೆಗೆ ಬಂದಂದಿನಿಂದ ದೇಶಕ್ಕೆಲ್ಲ ಪರಿಚಿತವಾದ ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಮೇಲೆ ಅವಳಿಗೆ ಕಣ್ಣು. “ಮೆಟ್ಟಿಲು ಹತ್ತುವುದು ಸಾಹಸವೇ ಸಾರ್? ಹಿಂದೆ ಎಷ್ಟೋ ಜನ ಆ ಬಂಡೆ ಹತ್ತಿದ್ದಾರೆ. ಈಗ ಬೇಲಿ ಹಾಕಿ ಬೇಡವೆಂದರೆ ಹೇಗೆ?” ಎಂದಳು.

ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಡಬೇಕಾದರೆ ನನ್ನ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು. ಅಂದು ಒಪ್ಪಿಕೊಂಡೆ, ವಾಚಕರ ಮುಂದೆಯೂ ಒಪ್ಪಿಕೊಳ್ಳುತ್ತೇನೆ.

ನಲವತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ವಿದ್ಯಾರ್ಥಿ. ಇಂಥದೇ ಒಂದು ಡಿಸೆಂಬರಿನಲ್ಲಿ ನಾಲ್ವರು ಗೆಳೆಯರು ರೈಲಿನಲ್ಲಿ ರಾಮನಗರಕ್ಕೆ ಬಂದು ಬೆಟ್ಟಕ್ಕೆ ಹೋದೆವು. ಎದುರಿನ ಬಂಡೆಯ ಚಾಚುಗಳಲ್ಲಿ ರಣಹದ್ದುಗಳು ಕುಳಿತಿದ್ದವು. ನಮ್ಮಲ್ಲೊಬ್ಬ ಪ್ರತಿಧ್ವನಿ ಕೇಳಲೆಂದು ಕೂಗಿದ. ಒಂದು ಹಕ್ಕಿ ಎದ್ದು ಹಾರಿತು. ಅಗಲವಾದ ಆ ರೆಕ್ಕೆಗಳನ್ನು ಕಂಡು ನಮಗೆ ಆನಂದವೋ ಆನಂದ. ಮತ್ತೆ ಕೂಗಿದೆವು, ಚಪ್ಪಾಳೆ ತಟ್ಟಿದೆವು, ಕಲ್ಲೂ ಎಸೆದೆವು. ಒಂದೊಂದಾಗಿ ಎಲ್ಲವೂ ಹಾರಿಹೋದವು. ಕೆಳಗೆ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಕೋಲೂರಿಕೊಂಡು ಮೇಲೆ ಬಂದ.

“ಯಾಕ್ರಪ್ಪಾ ಹಿಂಗೆ ಕೂಗಾಡ್ತೀರಿ? ಅವು ಮೊಟ್ಟೆ ಮೇಲೆ ಕೂತಿರೋ ಕಾಲ. ನಿಮ್ಮನೇಲಿ ಬಾಣಂತಿ ಕೋಣೆ ಮುಂದೆ ನಿಂತ್ಕೊಂಡು ಹಿಂಗೇ ಕಲ್ಲು ಹೊಡೀತೀರಾ?”

ನಾವು ನಕ್ಕೆವು. ನಕ್ಕು, ಬುತ್ತಿ ಬಿಚ್ಚಿ ಉಂಡೆವು. ವಿದ್ಯಾವಂತರಿಗೆ ಅಂಥ ಮಾತು ಅರ್ಥವಾಗುವುದಕ್ಕೆ ಕಾಲ ಹಿಡಿಯುತ್ತದೆ.

ನನಗೆ ಅರ್ಥವಾದದ್ದು ಹದ್ದುಗಳು ಇಲ್ಲವಾಗತೊಡಗಿದ ಮೇಲೆ. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಮಾಡುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ತಾಯಿತಂದೆಗಳೆರಡೂ ಸರದಿಯ ಮೇಲೆ ಸುಮಾರು ಐವತ್ತು ದಿನ ಕಾವು ಕೊಡುತ್ತವೆ. ಅದರ ಕಾಲ ನವೆಂಬರಿನಿಂದ ಮುಂದಕ್ಕೆ. ಎಂದರೆ ಬಿಸಿಲು ಹಿತವೆಂದೂ ಆಕಾಶ ನಿರ್ಮಲವೆಂದೂ ಬಂಡೆ ಹತ್ತಲು ತಕ್ಕುದೆಂದೂ ನಾವು ಆರಿಸಿಕೊಳ್ಳುವ ತಿಂಗಳುಗಳನ್ನೇ ಅವೂ ಆರಿಸಿಕೊಂಡಿವೆ. ಅವುಗಳದು ನಮ್ಮದಕ್ಕಿಂತ ಬಹು ಹಿಂದಿನ ಆಯ್ಕೆ.

1990ರ ದಶಕದಿಂದೀಚೆಗೆ ಭಾರತದಲ್ಲಿ ಈ ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು. ಕಾರಣ ಗೊತ್ತಾದದ್ದು 2004ರಲ್ಲಿ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಸರಕಾರ ಜಾನುವಾರುಗಳಿಗೆ ಆ ಮದ್ದನ್ನು ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶ ರಣಹದ್ದುಗಳ ವನ್ಯಧಾಮವಾಯಿತು. ಬೇಲಿ ಬಂದದ್ದು ಹೀಗೆ. ಆ ಮಹಾಮಾರಿಗೆ ನಮ್ಮ ಕೂಗು ಕಾರಣವಲ್ಲವೆಂದು ನನಗೆ ಗೊತ್ತು. ಆದರೆ ಬೆರಳೆಣಿಕೆಗೆ ಇಳಿದ ಮೇಲೆ ಒಂದೊಂದು ಮೊಟ್ಟೆಗೂ ಲೆಕ್ಕವಿದೆ. ನಾವು ಎಬ್ಬಿಸಿ ಓಡಿಸಿದ ಆ ಹಕ್ಕಿಗಳ ಲೆಕ್ಕವನ್ನು ನನ್ನ ಮನಸ್ಸು ಇನ್ನೂ ತೀರಿಸಿಕೊಂಡಿಲ್ಲ.

ಹುಡುಗಿ ಏನೂ ಹೇಳಲಿಲ್ಲ. ಬೆಳಿಗ್ಗೆ ಹೊರಡುವಾಗ ಅವಳ ಹಗ್ಗ ತಂಗಿದ್ದ ಕೋಣೆಯಲ್ಲೇ ಉಳಿದಿತ್ತು. ಮುಖದಲ್ಲಿ ಮಾತ್ರ ಅಸಮಾಧಾನವಿತ್ತು. ಇಷ್ಟಪಟ್ಟದ್ದನ್ನು ಬಿಟ್ಟುಕೊಟ್ಟವರಿಗೆ ಅಷ್ಟು ಹಕ್ಕು ಉಂಟು.

ಮೆಟ್ಟಿಲ ದಾರಿಯಲ್ಲಿ ಸದ್ದಿಲ್ಲದೆ ಹತ್ತಿ, ಒಂದು ತಿರುವಿನಲ್ಲಿ ಕುಳಿತೆವು. ದುರ್ಬೀನು ಒಂದೇ ಇತ್ತು. ದೂರದ ಬಂಡೆಯ ಮೇಲೆ ಬಿಳಿಯ ಸುಣ್ಣದ ಗೆರೆಗಳು ಇಳಿದಿದ್ದ ಕಡೆ, ಚಾಚಿನ ಅಂಚಿನಲ್ಲಿ ಒಂದು ಹದ್ದು ಕುತ್ತಿಗೆ ತಗ್ಗಿಸಿ ಕುಳಿತಿತ್ತು. ಎಂಟೂವರೆಯಾಯಿತು, ಒಂಬತ್ತಾಯಿತು, ಅದು ಅಲುಗಲಿಲ್ಲ.

“ಯಾಕೆ ಹಾರುತ್ತಿಲ್ಲ?” ಎಂದು ಹುಡುಗಿಯೇ ಕೇಳಿದಳು.

“ಬಿಸಿಲಿಗೆ ಕಾಯುತ್ತಿದೆ” ಎಂದೆ.

ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿದು ಬಹಳ ದೂರ ಹೋಗಲಾರದು. ಬಂಡೆ ಕಾಯಬೇಕು, ಕಾದ ಬಂಡೆಯಿಂದ ಗಾಳಿ ಬಿಸಿಯಾಗಿ ಮೇಲೇಳಬೇಕು, ಆ ಗಾಳಿಯ ಕಂಬವನ್ನು ಹಿಡಿದು ಅದು ಮೇಲಕ್ಕೇರಬೇಕು. ನಮಗೆ ಬಿಸಿಲು ರಜೆಯ ಸುಖ. ಅದಕ್ಕೆ ಅಂದಿನ ಅನ್ನದ ದಾರಿ.

ಒಂಬತ್ತೂವರೆಯ ಹೊತ್ತಿಗೆ ಹದ್ದು ಎದ್ದು ನಿಂತಿತು. ರೆಕ್ಕೆ ಬಿಚ್ಚಿ ಸುಮ್ಮನೆ ಮುಂದಕ್ಕೆ ಬಾಗಿತು. ಬಿದ್ದೇ ಹೋಯಿತೆನ್ನುವಷ್ಟರಲ್ಲಿ ಗಾಳಿ ಅದನ್ನು ಎತ್ತಿಕೊಂಡಿತು. ಒಂದು ಸುತ್ತು, ಎರಡು ಸುತ್ತು. ರೆಕ್ಕೆ ಒಂದು ಸಲವೂ ಬಡಿಯದೆ ನಮ್ಮ ತಲೆಗಿಂತ ಮೇಲೆ, ಬೆಟ್ಟಕ್ಕಿಂತ ಮೇಲೆ, ಕೊನೆಗೊಂದು ಚುಕ್ಕೆ. ಯಾರೂ ಕೂಗಲಿಲ್ಲ. ಹುಡುಗಿ ದುರ್ಬೀನನ್ನು ಬಹಳ ಹೊತ್ತು ಯಾರಿಗೂ ಕೊಡಲಿಲ್ಲ.

ಮೂರನೆಯ ದಿನ ಕನಕಪುರದಿಂದ ಸಂಗಮಕ್ಕೆ ಹೋದೆವು. ಮೊದಲ ದಿನ ಸಾವನದುರ್ಗದ ಮೇಲಿನಿಂದ ಕಂಡಿದ್ದ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ನಾಲ್ಕೈದು ಕಿಲೋಮೀಟರು ಮುಂದೆ, ಅಷ್ಟು ಅಗಲದ ನದಿ ಬಂಡೆಗಳ ಇರುಕಿನಲ್ಲಿ ನುಗ್ಗಿ ಹೋಗುವ ಮೇಕೆದಾಟು. ನೀರು ಕೊರೆದ ಗುಂಡಿಗಳು, ಎಣ್ಣೆ ಸವರಿದಂತೆ ನುಣುಪಾದ ಕಲ್ಲುಗಳು. ಮೇಕೆ ದಾಟಿತೆಂಬುದು ಕತೆ. ಮನುಷ್ಯ ಅಂಚಿಗೆ ಹೋಗಬಾರದೆಂಬುದು ಅನುಭವ. ಈ ಸಲ ನಾನು ಎಚ್ಚರಿಕೆಯ ಮಾತು ಹೇಳಬೇಕಾಗಲಿಲ್ಲ. ಆರು ಮಂದಿಯೂ ತಾವಾಗಿಯೇ ಹಿಂದೆ, ಒಣಗಿದ ಬಂಡೆಯ ಮೇಲೆ ಕುಳಿತು ನೋಡಿದರು.

ರಜೆಗೆ ಯಾವ ಊರೆಂದು ಕೇಳುವವರಿಗೆ ನಾನು ಈಗ ಊರಿನ ಹೆಸರನ್ನು ಕಡೆಗೆ ಹೇಳುತ್ತೇನೆ. ಯಾವ ತಿಂಗಳು, ಯಾವ ಹೊತ್ತು, ಎಲ್ಲಿಯವರೆಗೆ ಎಂಬುದನ್ನು ಮೊದಲು ಕೇಳುತ್ತೇನೆ; ನಾವು ಹೋಗುವಾಗ ಅಲ್ಲಿ ಯಾರು ಮನೆ ಹೂಡಿದ್ದಾರೆಂಬುದನ್ನೂ ಕೇಳುತ್ತೇನೆ. ಆಡು ಮೇಯಿಸುತ್ತಿದ್ದ ಆ ಮುದುಕ ಇಂದು ಇರಲಾರ. ಅವನ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ನಗೆ. ಸರಿಯಾದ ಉತ್ತರವನ್ನು ಆರು ಮಂದಿ ಹುಡುಗರು ಮೆಟ್ಟಿಲ ತಿರುವಿನಲ್ಲಿ ಬಾಯಿ ಮುಚ್ಚಿ ಕುಳಿತು ಕೊಟ್ಟರು.